ಪೆಟ್ಟಿಗೆ ಮೊದಲು ಬಂತು, ಮೇಷ್ಟ್ರು ಆಮೇಲೆ

1/8
ಮೊದಲನೇ ಫೋಟೋ ಸರಿಯಾಗಿ ನೋಡಿ. ಅದು ವೈರಸ್ ಅಲ್ಲ, ಯಾರೋ ಹ್ಯಾಕ್ ಮಾಡಿದ್ದೂ ಅಲ್ಲ. ದೊಡ್ಡ ಪಿ, ತಲೆ ಮೇಲೆ ಗೀಟಿರೋ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಇಷ್ಟೂ ಸೇರಿದ್ರೆ 'ಕನ್ನಡ' ಅನ್ನೋ ಪದ!

ನಮ್ಮಮ್ಮ ಹಾಸನ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಕನ್ನಡ ಟೀಚರ್. 2020ರ ಲಾಕ್‌ಡೌನ್ ಟೈಮಲ್ಲಿ ಹತ್ತನೇ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಛಂದಸ್ಸಿನ ನೋಟ್ಸ್ ಕಳಿಸಿದ್ರು. ಹದಿಮೂರು ವರ್ಷದಿಂದ ಸಂಜೆ ಹೊತ್ತು ಕೂತು ಟೈಪ್ ಮಾಡಿ, ತಿದ್ದಿ ಇಟ್ಕೊಂಡಿದ್ದು. ಮಕ್ಕಳ ಫೋನಲ್ಲಿ ಅದು ತೆರೆದಿದ್ದು ಹೀಗೆ, ಈ ಫೋಟೋದಲ್ಲಿರೋ ಹಾಗೆ. ಒಬ್ಬ ಹುಡುಗ "ಮಿಸ್, ಇದ್ಯಾವ ಭಾಷೆ?" ಅಂತ ಹಾಕ್ದ. ಕೆಳಗೆ ಸಾಲಾಗಿ ನಗೋ ಮುಖಗಳು.

ನಾನಾಗ ಒಂಬತ್ತನೇ ಕ್ಲಾಸು. ಪಕ್ಕದಲ್ಲೇ ಕೂತಿದ್ದೆ. "ಅಷ್ಟೂ ಗೊತ್ತಾಗಲ್ವಾ ನಿಂಗೆ?" ಅಂದೆ. ಅಮ್ಮ ಏನೂ ಅನ್ಲಿಲ್ಲ. ಫೋನ್ ಬೋರಲು ಹಾಕಿ, ಎದ್ದು ಒಗ್ಗರಣೆ ಹಾಕೋಕೆ ಹೋದ್ರು.

ಆ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಅದಕ್ಕೆ ಈ ಸರಣಿ. ನಮ್ಮ ಕರ್ನಾಟಕದಲ್ಲಿ ಭಾಷೆ ಕಲಿಸೋ ಟೀಚರುಗಳಿಗೆ ಯಂತ್ರ ಬಳಸೋದನ್ನ ಯಾರು, ಯಾವಾಗ, ಹೇಗೆ ಕಲಿಸಿದ್ರು? ನಾನು ಓದ್ತಿರೋದು ಬಿಕಾಂ, ಇತಿಹಾಸ ಅಲ್ಲ. ಆದ್ರೂ ಲೆಕ್ಕ ಹಾಕೋಕೆ ಬರತ್ತೆ. ಸೇವ್ ಮಾಡ್ಕೊಳ್ಳಿ, ಒಟ್ಟು ಎಂಟು ಪೋಸ್ಟ್.

#ಕನ್ನಡಮೇಷ್ಟ್ರು #ನಮ್ಮಶಾಲೆ #ಇತಿಹಾಸ

2/8
ಕಥೆ ಶುರುವಾಗೋದು ಕಂಪ್ಯೂಟರಿಂದ ಅಲ್ಲ, ಟೇಪಿಂದ.

1969ರ ಜುಲೈ 17ರಂದು ಮೈಸೂರಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರುವಾಯ್ತು. ಮೊದಲ ನಿರ್ದೇಶಕರು ಒಡಿಶಾದ ಭಾಷಾವಿಜ್ಞಾನಿ ಡಿ.ಪಿ. ಪಟ್ಟನಾಯಕ್. ತ್ರಿಭಾಷಾ ಸೂತ್ರ ಆಗ ಇನ್ನೂ ಹೊಸದು. ಉತ್ತರದ ಶಾಲೆಗಳಲ್ಲೂ ದಕ್ಷಿಣದ ಒಂದು ಭಾಷೆ ಕಲಿಸಬೇಕು ಅಂದ್ರೆ ಮೊದಲು ಅಲ್ಲಿನ ಮೇಷ್ಟ್ರಿಗೆ ಆ ಭಾಷೆ ಬರ್ಬೇಕಲ್ವಾ? ಅದಕ್ಕೇ ಸಂಸ್ಥಾನದ ಕೆಳಗೆ ಪ್ರಾದೇಶಿಕ ಭಾಷಾ ಕೇಂದ್ರಗಳು ಬಂದ್ವು. ದಕ್ಷಿಣದ ನಾಲ್ಕು ಭಾಷೆಗಳ ಕೇಂದ್ರ ಮೈಸೂರಿನದು. ಬೇರೆ ರಾಜ್ಯದ ಕೆಲಸದಲ್ಲಿರೋ ಟೀಚರುಗಳು ಹತ್ತು ತಿಂಗಳು ಇಲ್ಲೇ ಇದ್ದು ಕನ್ನಡನೋ ತಮಿಳೋ ಕಲಿತು ಹೋಗ್ತಿದ್ರು.

ಅಲ್ಲಿದ್ದ ಅಚ್ಚರಿಯ ವಸ್ತು ಭಾಷಾ ಪ್ರಯೋಗಾಲಯ. ಪ್ರಯೋಗಾಲಯ ಅಂದ್ರೆ ಪಿಪೆಟ್ಟು ಬೀಕರು ಅಲ್ಲ. ಸಾಲಾಗಿ ಪುಟ್ಟ ಪುಟ್ಟ ಗೂಡು, ಪ್ರತಿ ಗೂಡಲ್ಲೂ ಹೆಡ್‌ಫೋನು, ಮೈಕು. ಆ ಕಾಲದ ಭಾಷಾ ಪ್ರಯೋಗಾಲಯದ ಟೇಪಲ್ಲಿ ಎರಡು ಹಾದಿ. ಒಂದರಲ್ಲಿ ಕಲಿಸೋರ ಧ್ವನಿ, ಅದು ಅಳಿಸಲ್ಲ. ಇನ್ನೊಂದರಲ್ಲಿ ಕಲಿಯೋರ ಧ್ವನಿ. ಕೇಳು, ಹೇಳು, ಹಿಂದಕ್ಕೆ ತಿರುಗಿಸು, ನಿನ್ನ ತಪ್ಪು ನೀನೇ ಕೇಳು.

ಹಿಂದಿಯವರಿಗೆ ಹ್ರಸ್ವ ಎ, ಒ ಅಭ್ಯಾಸ ಇರಲ್ಲ. ಬೆಳೆಗೂ ಬೇಳೆಗೂ, ಕೊಡುಗೂ ಕೋಡುಗೂ ವ್ಯತ್ಯಾಸ ಕಿವಿಗೇ ಬೀಳಲ್ಲ. ಹಾಲು, ಹಾಳು ಅಂತೂ ಕೇಳೋದೇ ಬೇಡ. ಕರಿಹಲಗೆ ಮೇಲೆ ಎಷ್ಟು ಬರೆದ್ರೂ ಇದು ಬರಲ್ಲ, ಯಂತ್ರ ಬೇಕಿತ್ತು. ಇಲ್ಲಿ ನಂಗಿಷ್ಟ ಆಗಿದ್ದೇನಂದ್ರೆ, ಅಲ್ಲಿ ಯಾರೂ 'ಟೇಪ್ ರೆಕಾರ್ಡರ್ ಬಳಕೆ' ಅಂತ ಪಾಠ ಮಾಡ್ತಿರ್ಲಿಲ್ಲ. ಭಾಷೆ ಕಲೀತಾ ಕಲೀತಾ ಯಂತ್ರ ಕೈಗೆ ಒಗ್ಗುತ್ತಿತ್ತು. ಹತ್ತು ತಿಂಗಳು ಟೈಮೂ ಇತ್ತು.

ಇಂಗ್ಲಿಷ್ ಟೀಚರುಗಳಿಗಂತೂ ಇನ್ನೂ ಮೊದಲೇ, 1963ರಲ್ಲೇ, ಬೆಂಗಳೂರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಗಿತ್ತು. ಆದ್ರೆ ಕನ್ನಡ ನಾಡಲ್ಲೇ ಕನ್ನಡ ಮಾತಾಡೋ ಮಕ್ಕಳಿಗೆ ಕನ್ನಡ ಕಲಿಸೋ ಪಂಡಿತರಿಗೆ? ಆ ಗೂಡುಗಳು ಅವರಿಗಾಗಿ ಕಟ್ಟಿದ್ದಲ್ಲ.

3/8
ನನ್ನ ಪಿಜಿ ರೂಮ್‌ಮೇಟ್ ರಾಯಚೂರು ಕಡೆಯವಳು. ಈ ಸರಣಿ ಬರೀತೀನಿ ಅಂದಾಗ ಅವಳು ಅಜ್ಜನಿಗೆ ಫೋನ್ ಹಚ್ಚಿ ಕೊಟ್ಟಳು. ಅಜ್ಜ ಹೇಳಿದ್ದು ಒಂದೇ ಸಾಲು: "ಡಬ್ಬಿ ಬಂತವಾ, ವರ್ಷ ಆತು, ಡಬ್ಬಿ ಹೋತು."

ಆ ಡಬ್ಬಿ ಟಿವಿ. ಯೋಜನೆಯ ಹೆಸರು ಸೈಟ್. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನ ಭಾರತಕ್ಕೆ ಎರವಲು ಕೊಟ್ಟಿತ್ತು, ನೆಲದ ಮೇಲಿನ ಕೆಲಸ ಇಸ್ರೋದು. ಆರು ರಾಜ್ಯ, ಸುಮಾರು 2,400 ಹಳ್ಳಿ. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು. ಸಿನಿಮಾನೇ ಅಪರೂಪ ಆಗಿದ್ದ ಊರಿಗೆ ನೇರ ಆಕಾಶದಿಂದ ಟಿವಿ! ಕೋಳಿ ಗೂಡಿಗೆ ಹಾಕೋ ಥರದ ತಂತಿ ಜಾಲರಿಯಲ್ಲಿ ಮಾಡಿದ ಹತ್ತಡಿ ಅಗಲದ ಆಂಟೆನಾ. (ಮೂರನೇ ಫೋಟೋ, ನಾನೇ ಬಿಡಿಸಿದ್ದು. ನಗಬೇಡಿ.)

ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಕನ್ನಡ ಮತ್ತು ತೆಲುಗು ಕಾರ್ಯಕ್ರಮ ತಯಾರಾಗ್ತಿದ್ದುದು ಹೈದರಾಬಾದಲ್ಲಿ. ಇದೆಲ್ಲ ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಅದೇ ಉಪಗ್ರಹದಲ್ಲಿ ಸುಮಾರು 50,000 ಪ್ರಾಥಮಿಕ ಶಾಲೆ ಶಿಕ್ಷಕರಿಗೆ ರಜೆಯಲ್ಲಿ ತರಬೇತಿ ಕೊಟ್ರು. ಬರೀ ಟಿವಿ ತೋರಿಸಿ ಕಳಿಸ್ಲಿಲ್ಲ. ಟಿವಿ ಜೊತೆ ರೇಡಿಯೋ, ಅಚ್ಚಾದ ಪಾಠ, ಕೈಯಾರೆ ಮಾಡೋ ಚಟುವಟಿಕೆ, ಗುಂಪಲ್ಲಿ ಚರ್ಚೆ, ಎಲ್ಲಾ ಸೇರಿಸಿ. 1975ರಲ್ಲಿ ಇಷ್ಟು ಯೋಚನೆ ಮಾಡಿದ್ರು ಅಂದ್ರೆ ನಂಗೆ ನಂಬೋಕೇ ಆಗ್ಲಿಲ್ಲ.

ಆದ್ರೆ ವಿಷಯ ವಿಜ್ಞಾನ. ಭಾಷೆ ಅಲ್ಲ. ಇಷ್ಟು ಹಳೇ ಕಾಲದಲ್ಲೇ ಒಂದು ಅಭ್ಯಾಸ ಬಿತ್ತು ಅನ್ಸತ್ತೆ ನಂಗೆ: ಯಂತ್ರ ಅಂದ್ರೆ ಸೈನ್ಸ್ ಮೇಷ್ಟ್ರಿಗೆ, ಕನ್ನಡ ಮೇಷ್ಟ್ರಿಗೆ ಬಾಯಿ ಇದ್ರೆ ಸಾಕು.

4/8
ಇದು ಸಣ್ಣ ಪೋಸ್ಟ್, ಆದ್ರೆ ನನ್ನ ಸಬ್ಜೆಕ್ಟ್ ಬರೋದು ಇಲ್ಲೇ.

1984ರಲ್ಲಿ ಕೇಂದ್ರ ಸರ್ಕಾರ ದೇಶದ 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಅನ್ನೋ ಇಂಗ್ಲೆಂಡಿನ ಕಂಪ್ಯೂಟರ್ ಕೊಡೋಕೆ ಶುರು ಮಾಡ್ತು. ಯೋಜನೆಯ ಹೆಸರು ಕ್ಲಾಸ್. 1986ರ ಶಿಕ್ಷಣ ನೀತಿ ಬಂದ ಮೇಲೆ ಶಾಲೆಗಳಿಗೆ ಬಣ್ಣದ ಟಿವಿ, ರೇಡಿಯೋ ಕಮ್ ಕ್ಯಾಸೆಟ್ ಪ್ಲೇಯರ್ ಬಂದ್ವು. ಜಿಲ್ಲೆಗೊಂದು ಡಯಟ್ ಬಂತು, ಅದರಲ್ಲಿ ಶೈಕ್ಷಣಿಕ ತಂತ್ರಜ್ಞಾನಕ್ಕೆ ಅಂತಾನೇ ಒಂದು ವಿಭಾಗ.

ಈಗ ಲೆಕ್ಕ. ಕ್ಯಾಸೆಟ್ ಪ್ಲೇಯರ್ ಶಾಲೆಗೆ ಬಂದ ದಿನ ಅದು ಸ್ಟಾಕ್ ರಿಜಿಸ್ಟರಿಗೆ ಏರತ್ತೆ. ನಂಬರ್ ಬೀಳತ್ತೆ, ಹೆಡ್‌ಮಾಸ್ಟರ್ ಸಹಿ ಬೀಳತ್ತೆ. ಕೆಟ್ಟೋದ್ರೆ, ಕಳೆದೋದ್ರೆ ಉತ್ತರ ಕೊಡಬೇಕಾದವರು ಸಹಿ ಹಾಕಿದವರು. ಹಾಗಾಗಿ ಜವಾಬ್ದಾರಿ ಇರೋ ಮನುಷ್ಯ ಏನ್ ಮಾಡ್ತಾರೆ? ಬೀರುವಿನಲ್ಲಿಟ್ಟು ಬೀಗ ಹಾಕ್ತಾರೆ. ಇನ್‌ಸ್ಪೆಕ್ಷನ್ ದಿನ ತೆಗೆದು ಧೂಳು ಒರೆಸ್ತಾರೆ. ನಮ್ಮ ಮನೆಗೆ ಬರೋ ರಿಟೈರ್ಡ್ ಟೀಚರುಗಳೆಲ್ಲ ಈ ಕಥೆನ ನಗ್ತಾ ಹೇಳ್ತಾರೆ, ಪ್ರತಿಯೊಬ್ಬರೂ ತಮ್ಮ ಶಾಲೇಲಿ ಮಾತ್ರ ಹೀಗಿತ್ತು ಅನ್ನೋ ಹಾಗೆ.

ಅದೇ ಟೀಚರಿಗೆ ಕೊಟ್ಟ ತರಬೇತಿ ಯಾವ ರಿಜಿಸ್ಟರಿಗೂ ಏರಲ್ಲ. ಕಂಪನಿ ಲೆಕ್ಕದಲ್ಲೂ ಇದೇ ಕಥೆ. ಇಂಡ್ ಎಎಸ್ 38 ಪ್ರಕಾರ ತರಬೇತಿಗೆ ಹಾಕಿದ ದುಡ್ಡು ಆಸ್ತಿ ಅಲ್ಲ, ಆ ವರ್ಷದ ಖರ್ಚು ಅಷ್ಟೇ. ಎಕ್ಸಾಮಲ್ಲಿ ಇದನ್ನ ಬಾಯಿಪಾಠ ಮಾಡಿ ಬರೆದೆ. ಆಗ ಏನೂ ಅನ್ನಿಸ್ಲಿಲ್ಲ. ಈಗ ನೋಡಿದ್ರೆ, ಐದು ವರ್ಷಕ್ಕೆ ಸವೆದು ಮೂಲೆ ಸೇರೋ ಡಬ್ಬಿ ಆಸ್ತಿ, ಮೂವತ್ತು ವರ್ಷ ಪಾಠ ಮಾಡೋ ಟೀಚರ್ ಕಲಿತಿದ್ದು ಬರೀ ಖರ್ಚು.

5/8
ಉದ್ದ ಇದೆ, ಟೀ ಇಟ್ಕೊಂಡು ಓದಿ.

ಮೊದಲ ಫೋಟೋದ ಗೀಟಿನ ಎ ಎಲ್ಲಿಂದ ಬಂತು? ತೊಂಬತ್ತರ ದಶಕದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರ್ಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದ್ರೆ ಅದು ಕಾಗದದ ಮೇಲೆ. ನಮ್ಮ ಮೇಜಿನ ಮೇಲಿದ್ದ ವಿಂಡೋಸಿಗೆ ಕನ್ನಡ ತೋರಿಸೋಕೆ ಬಂದಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲೀತನಕ ಕಾಯೋಕಾಗತ್ತಾ? ಅದಕ್ಕೇ ನಮ್ಮವರು ಒಂದು ಜಾಣತನ ಮಾಡಿದ್ರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಕೂತಿದ್ದ ಮನೆಗಳಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ್ರು. ತಲಕಟ್ಟು ಒಂದು ಮನೆ, ಒತ್ತು ಇನ್ನೊಂದು ಮನೆ. ಫಾಂಟ್ ಇದ್ರೆ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಮೆಷಿನ್ನಿಗೆ ಹೋದ್ರೆ ವೇಷ ಕಳಚಿ ಬೀಳತ್ತೆ, ಒಳಗಿರೋ ಪಿ, ಪೌಂಡು ಎಲ್ಲಾ ಆಚೆ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಸರ್ಕಾರಿ ಕಚೇರಿ, ಶಾಲೆ ಎಲ್ಲೆಲ್ಲೂ ನುಡಿ. ಇದನ್ನ ಬೈಯೋದು ಈಗ ಫ್ಯಾಷನ್ನು, ನಾನು ಬೈಯಲ್ಲ. ಅದಿಲ್ಲದಿದ್ರೆ ಆ ಹತ್ತು ಹದಿನೈದು ವರ್ಷ ಕನ್ನಡ ಕಂಪ್ಯೂಟರಲ್ಲೇ ಇರ್ತಿರ್ಲಿಲ್ಲ.

ನುಡಿಯ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ಅಚ್ಚಿನ ಮೊಳೆ, ಫೋಟೋ ಟೈಪ್‌ಸೆಟ್ಟಿಂಗ್ ಲೋಕದಿಂದ ಬಂದವರು. ಛಂದಸ್ಸು ವ್ಯಾಕರಣದ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು 'ಸೇಡಿಯಾಪು' ಅಂತ ಒಂದು ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟರು. ಅವರ ಕೀಲಿಮಣೆಯಲ್ಲಿ ಕನ್ನಡದ ಅಕ್ಷರ ಹುಟ್ಟೋ ಕ್ರಮಾನೇ ಇದೆ. ವ್ಯಂಜನ ಒತ್ತಿ, ಸ್ವರ ಒತ್ತಿದ್ರೆ ಗುಣಿತಾಕ್ಷರ. ನಡುವೆ ಎಫ್ ಒತ್ತಿದ್ರೆ ಒತ್ತಕ್ಷರ. ಅಮ್ಮ 2007ರಲ್ಲಿ ಕೆಲಸಕ್ಕೆ ಸೇರಿದ ವರ್ಷ, ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಸಂಜೆ ದುಡ್ಡು ಕೊಟ್ಟು ಇದನ್ನ ಕಲಿತ್ರು. ಇವತ್ತಿಗೂ ಹೇಳ್ತಾರೆ: "ಮಕ್ಕಳಿಗೆ ಸಂಯುಕ್ತಾಕ್ಷರ ಅರ್ಥ ಮಾಡ್ಸೋಕೆ ನಾನು ಒದ್ದಾಡ್ತಿದ್ದೆ ಕಣೇ. ಆ ಎಫ್ ಕೀ ತೋರಿಸಿದ್ರೆ ಐದು ನಿಮಿಷ ಸಾಕು."

ಇದಲ್ವಾ ಭಾಷಾ ಶಿಕ್ಷಕಿಯ ತಂತ್ರಜ್ಞಾನ? ಆದ್ರೆ ಇದನ್ನ ಅವರಿಗೆ ಹೇಳಿಕೊಟ್ಟಿದ್ದು ಇಲಾಖೆ ಅಲ್ಲ, ಜೆರಾಕ್ಸ್ ಅಂಗಡಿ ಅಣ್ಣ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಆಮೇಲೆ ಬಂತು. ಹಳೇ ಫೈಲಿಗೂ ಹೊಸ ಫೈಲಿಗೂ ವ್ಯತ್ಯಾಸ ಇದೆ ಅಂತ ಆ ಅಣ್ಣನಿಗೂ ಗೊತ್ತಿರ್ಲಿಲ್ಲ. ಪ್ರಿಂಟ್ ತೆಗೆದ್ರೆ ಎರಡೂ ಒಂದೇ ಥರ ಕಾಣತ್ತೆ ತಾನೇ.

6/8
ಹಾಗಾದ್ರೆ ಇಲಾಖೆ ಸುಮ್ನಿತ್ತಾ? ಇಲ್ಲ, ಅನ್ಯಾಯ ಮಾತಾಡಬಾರ್ದು.

2001-02ರಲ್ಲಿ ಮಾಹಿತಿ ಸಿಂಧು ಯೋಜನೆಯಲ್ಲಿ ಸುಮಾರು 1,000 ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಲ್ಯಾಬ್ ಬಂತು. ನಡೆಸೋ ಗುತ್ತಿಗೆ ಖಾಸಗಿ ಕಂಪನಿಗಳದು, ಪಾಠ ಹೇಳೋರೂ ಕಂಪನಿ ಕಡೆಯವರು. ಅಂದ್ರೆ ಕಂಪ್ಯೂಟರ್ ಅನ್ನೋದು ಒಂದು ಬೇರೆ ಪೀರಿಯಡ್ಡು, ಅದಕ್ಕೆ ಬೇರೆ ಟೀಚರ್ರು. ಕನ್ನಡ ಟೀಚರಿಗೂ ಆ ರೂಮಿಗೂ ಸಂಬಂಧ ಇರ್ಲಿಲ್ಲ. ಗುತ್ತಿಗೆ ಮುಗಿದ ದಿನ ಕಲಿಸೋರು ಹೋದ್ರು, ಯಂತ್ರ ಉಳೀತು.

ರೇಡಿಯೋದಲ್ಲಿ ಕೇಳಿ ಕಲಿ, ಚಿಣ್ಣರ ಚುಕ್ಕಿ ಬರ್ತಿತ್ತು. ನಿಮ್ಮಲ್ಲಿ ಕೆಲವರು ಅದರ ಹಾಡು ಈಗಲೇ ಗುನುಗ್ತಿರ್ತೀರ. ಅದರಲ್ಲಿ ಒಂದು ಉಪಾಯ ಇತ್ತು. ರೇಡಿಯೋ ಮಕ್ಕಳ ಜೊತೆ ಮಾತ್ರ ಅಲ್ಲ, ಟೀಚರ್ ಜೊತೆಗೂ ಮಾತಾಡ್ತಿತ್ತು. ಈಗ ಗುಂಪು ಮಾಡಿ, ಈಗ ಇದನ್ನ ಕೇಳಿ ಅಂತ ಹೇಳಿ, ಉತ್ತರಕ್ಕೆ ಜಾಗ ಬಿಟ್ಟು ಸುಮ್ಮನಾಗ್ತಿತ್ತು. ಪಾಠ ನಡೀತಾ ನಡೀತಾನೇ ಟೀಚರಿಗೂ ತರಬೇತಿ. 2004ರ ಸೆಪ್ಟೆಂಬರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಮತ್ತೆ ಡಿಶ್ ಬಂತು.

ನಿಜವಾದ ತಿರುವು ಅಂತ ನಾನು ಕರೆಯೋದು 2011ರದು. ಡಿಎಸ್‌ಇಆರ್‌ಟಿ, ಆರ್‌ಎಂಎಸ್‌ಎ ಜೊತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಶುರು ಮಾಡಿದ್ರು. ಮೊದಲು ಗಣಿತ, ವಿಜ್ಞಾನ, ಸಮಾಜ. (ಭಾಷೆ ಮತ್ತೆ ಆಮೇಲೆ, ಗಮನಿಸಿದ್ರಾ?) ಕಂಪ್ಯೂಟರಲ್ಲಿ ಉಬುಂಟು, ಎಲ್ಲಾ ಉಚಿತ ತಂತ್ರಾಂಶ. ಕಂಪನಿಯವರು ಬಂದು ಕಲಿಸೋದಲ್ಲ, ಕೆಲವು ಟೀಚರುಗಳು ಕಲಿತು ಬೇರೆ ಟೀಚರುಗಳಿಗೆ ಕಲಿಸೋದು. 2013ರಲ್ಲಿ ಟೀಚರುಗಳೇ ಬರೆದು ತಿದ್ದೋ ಪಾಠ ಸಾಮಗ್ರಿಯ ತಾಣವೂ ಬಂತು, ಕನ್ನಡದಲ್ಲೇ.

ಅಮ್ಮ ಒಮ್ಮೆ ಇಂಥ ಐದು ದಿನದ ತರಬೇತಿಗೆ ಹೋಗಿದ್ರು. ಗಣಿತದವರಿಗೆ ಜಿಯೋಜೀಬ್ರಾ ಇದೆ, ತ್ರಿಕೋನ ಎಳೆದ್ರೆ ಕೋನ ಬದಲಾಗತ್ತೆ. ಕನ್ನಡದವರಿಗೇನಿದೆ ಅಂತ ಯಾರೋ ಕೇಳಿದ್ರಂತೆ. ಧ್ವನಿ ಅಂದ್ರಂತೆ ಕಲಿಸ್ತಿದ್ದವರು. ವಾಪಸ್ ಬಂದ ಅಮ್ಮ ಹಲಗಲಿ ಬೇಡರ ಲಾವಣಿಯನ್ನ ಊರಿನ ಒಬ್ಬರು ಹಾಡುಗಾರರ ಹತ್ತಿರ ಹಾಡಿಸಿ, ರೆಕಾರ್ಡ್ ಮಾಡಿ, ಕ್ಲಾಸಲ್ಲಿ ಕೇಳಿಸಿದ್ರು. ಪದ್ಯನ ಗದ್ಯದ ಹಾಗೆ ಓದ್ತಿದ್ದ ಹಿಂದಿನ ಬೆಂಚಿನವರು ಅವತ್ತು ಬೆಂಚು ಬಡಿದು ತಾಳ ಹಾಕಿದ್ರು. ಪಕ್ಕದ ಕ್ಲಾಸಿನವರು ದೂರು ಹೇಳೋಕೆ ಬಂದು, ನಿಂತು ಕೇಳ್ಕೊಂಡು ಹೋದ್ರಂತೆ.

2016-17ರಿಂದ ಟಾಲ್ಪ್ ಅನ್ನೋ ಸರ್ಕಾರಿ ಯೋಜನೆ ಇದೇ ದಾರಿಯನ್ನ ದೊಡ್ಡದು ಮಾಡ್ತು.

7/8
ಆಮೇಲೆ 2020.

ಜುಲೈನಲ್ಲಿ ಚಂದನ ಟಿವಿಯಲ್ಲಿ ಪಾಠ ಶುರು. ಆಗಸ್ಟಲ್ಲಿ ವಿದ್ಯಾಗಮ, ಟೀಚರುಗಳೇ ಊರೂರಿಗೆ ಹೋಗಿ ದೇವಸ್ಥಾನದ ಕಟ್ಟೆ, ಮರದ ಕೆಳಗೆ ಪಾಠ. ಅಕ್ಟೋಬರಲ್ಲಿ ನಿಷ್ಠಾ ತರಬೇತಿ ಪೂರ್ತಿ ಆನ್‌ಲೈನ್ ಆಗಿ ದೀಕ್ಷಾ ಆ್ಯಪಿಗೆ ಬಂತು. ಹಿಂದಿನ ವರ್ಷ ಅದು ಎದುರಾಬದುರು ಕೂತು ಮಾಡೋ ತರಬೇತಿ ಆಗಿತ್ತು. ಈಗ ಪ್ರಾಥಮಿಕ ಹಂತದ ಟೀಚರುಗಳಿಗೆ 18 ಕೋರ್ಸು, ಫೋನಲ್ಲೇ, ಕೊನೆಗೆ ಸರ್ಟಿಫಿಕೇಟು.

ನಮ್ಮ ಚಿಕ್ಕಮ್ಮ ಪ್ರೈಮರಿ ಟೀಚರ್. ಅನ್ನ ಬೇಯೋವರೆಗೆ ವಿಡಿಯೋ ಓಡ್ಲಿ ಅಂತ ಫೋನನ್ನ ಕುಕ್ಕರ್ ಪಕ್ಕ ಒರಗಿಸಿ ಇಡ್ತಿದ್ರು. ಮೂರು ವಿಸಿಲ್, ಒಂದು ಮಾಡ್ಯೂಲ್. ನಾನು ಇದನ್ನ ತಮಾಷೆಗೆ ಹೇಳ್ತಿಲ್ಲ, ದೂರೋಕೂ ಹೇಳ್ತಿಲ್ಲ. ಬೆಳಗ್ಗೆ ಕಟ್ಟೆ ಮೇಲೆ ಪಾಠ ಮಾಡಿ ಬಂದ ಹೆಂಗಸಿಗೆ ರಾತ್ರಿ ಉಳಿದಿದ್ದ ಹೊತ್ತು ಅದೇ. ಕೋರ್ಸಲ್ಲಿ ಕೆಲವು ಪಾಠ ನಿಜವಾಗ್ಲೂ ಚೆನ್ನಾಗಿದ್ವು ಅಂತಾನೂ ಅವರೇ ಹೇಳ್ತಾರೆ.

ಆ ತಿಂಗಳುಗಳಲ್ಲಿ ಅಮ್ಮನಿಗೆ ಬೇಕಿದ್ದುದು ಸಣ್ಣ ವಿಷಯ. ಈ ಫೈಲ್ ಯಾಕೆ ಹೀಗಾಯ್ತು, ಇದನ್ನ ಸರಿ ಮಾಡೋದು ಹೇಗೆ? ಅದನ್ನ ಹೇಳೋಕೆ ಯಾವ ಕೋರ್ಸೂ ಇರ್ಲಿಲ್ಲ. ಪಕ್ಕದಲ್ಲಿ ಕೂತು ಹೇಳಬಹುದಾಗಿದ್ದ ಒಬ್ಬಳು ಏನಂದ್ಲು ಅಂತ ಮೊದಲನೇ ಪೋಸ್ಟಲ್ಲೇ ಬರ್ದಿದೀನಿ.

ಅಮ್ಮ ಆ ವರ್ಷ ನೋಟ್ಸನ್ನ ಮತ್ತೆ ಕೈಯಲ್ಲಿ ಬರೆದು, ಫೋಟೋ ತೆಗೆದು ಕಳಿಸಿದ್ರು. ಪೂರ್ತಿ ಛಂದಸ್ಸು ಭಾಗ. ಹಳೇ ಫೈಲ್ ಮತ್ತೆ ತೆಗೀಲೇ ಇಲ್ಲ. "ನಂಗೆ ಕಂಪ್ಯೂಟರ್ ಬರಲ್ಲ" ಅನ್ನೋಕೆ ಶುರು ಮಾಡಿದ್ದು ಅವಾಗಿಂದ. ನುಡಿಯಲ್ಲಿ ನೋಡದೆ ಟೈಪ್ ಮಾಡೋ ಅಮ್ಮ!

8/8
ಕಳೆದ ದಸರಾ ರಜೆಗೆ ಮನೆಗೆ ಹೋದಾಗ ಆ ಪೆನ್‌ಡ್ರೈವ್ ಕೇಳಿದೆ. ಮೊದಲು "ಏನಕ್ಕೀಗ ಅದು" ಅಂದ್ರು. ಆಮೇಲೆ ದೇವರ ಮನೆ ಡ್ರಾಯರಿಂದ ತಂದುಕೊಟ್ರು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ಟಿದ್ರು.

ಹಳೇ ನುಡಿ ಫೈಲನ್ನ ಯೂನಿಕೋಡಿಗೆ ಬದಲಿಸೋ ಪರಿವರ್ತಕಗಳಿವೆ. ಹಾಕಿದೆ, ಅರ್ಧ ನಿಮಿಷ, ಕನ್ನಡ ಬಂತು. ಆದ್ರೆ ಅರ್ಕಾವತ್ತು ಅಲ್ಲಲ್ಲಿ ಬೇರೆ ಅಕ್ಷರಕ್ಕೆ ಅಂಟ್ಕೊಂಡಿತ್ತು. ಹಳೇ ಪದ್ಧತಿಯಲ್ಲಿ ಅರ್ಕಾವತ್ತನ್ನ ಕಾಣೋ ಹಾಗೆ ಅಕ್ಷರದ ನಂತರ ಟೈಪ್ ಮಾಡಿರ್ತಾರೆ, ಯೂನಿಕೋಡಲ್ಲಿ ಉಚ್ಚಾರಣೆಯ ಹಾಗೆ ರಕಾರ ಮೊದಲು ಬರ್ಬೇಕು. ಅದಕ್ಕಿಂತ ಕಷ್ಟ ಪ್ರಸ್ತಾರ ಹಾಕಿದ ಸಾಲುಗಳು. ಅಕ್ಷರದ ತಲೆ ಮೇಲೆ ಕೂರಿಸಿದ್ದ ಲಘು, ಗುರು ಚಿಹ್ನೆಗಳೆಲ್ಲ ಎಡಕ್ಕೆ ಜಾರಿ, ಗುರು ಇರಬೇಕಾದಲ್ಲಿ ಲಘು. ಷಟ್ಪದಿ ಗಣ ಎಣಿಸಿದ್ರೆ ಮಾತ್ರೆಯೇ ಕೂಡ್ತಿರ್ಲಿಲ್ಲ. ನಂಗೆ ಅದು ತಪ್ಪು ಅಂತಾನೂ ಗೊತ್ತಾಗ್ಲಿಲ್ಲ. ಅಮ್ಮ ಹಿಂದೆ ನಿಂತು ಬೆರಳು ಮಡಚಿ ಎಣಿಸ್ತಾ "ಇಲ್ಲಿ ಜಾರಿದೆ ನೋಡು, ಇದು ಗುರು" ಅಂತಿದ್ರು. ಸ್ವಲ್ಪ ಹೊತ್ತಿಗೆ "ನೀನು ಏಳು" ಅಂದು ತಾವೇ ಕೂತ್ರು.

ನಾಲ್ಕು ದಿನ ಹಿಡೀತು. ಯೂನಿಕೋಡಲ್ಲೂ ಅದೇ ಕೀಲಿಮಣೆ, ಅದೇ ಎಫ್. ಬೆರಳಿಗೆ ಎಲ್ಲಾ ನೆನಪಿತ್ತು. ಮೂರನೇ ದಿನ ನಾನು ಕ್ಷಮಿಸು ಅಂದೆ. ಯಾವುದಕ್ಕೆ ಅಂತ ಕೇಳಿದ್ರು. ಹೇಳಿದೆ. "ಅದಾ? ನಂಗೆ ಬೇಜಾರಾಗಿದ್ದು ನೀನಂದಿದ್ದಕ್ಕಲ್ಲ, ಆ ಹುಡುಗ ಕೇಳಿದ್ದಕ್ಕೆ. ಕನ್ನಡ ಮಿಸ್ಸನ್ನ ಇದ್ಯಾವ ಭಾಷೆ ಅಂತ ಕೇಳಿದ್ನಲ್ಲ" ಅಂದು ಮತ್ತೆ ಟೈಪ್ ಮಾಡೋಕೆ ಶುರು ಮಾಡಿದ್ರು. ಪೂರ್ತಿ ನಿಜ ಹೇಳಿದ್ರೋ ನನ್ನ ಸಮಾಧಾನಕ್ಕೆ ಹೇಳಿದ್ರೋ ಗೊತ್ತಿಲ್ಲ.

ಮೊನ್ನೆ ಫೋನ್ ಮಾಡಿದ್ರು. ಕ್ಲಸ್ಟರ್ ಸಭೆಯಲ್ಲಿ ಇನ್ನೂ ಮೂರು ಜನ ಟೀಚರುಗಳ ಹತ್ರ ಇಂಥದೇ ಹಳೇ ಫೈಲ್ ಇದೆಯಂತೆ. ಒಬ್ಬರದು ಗಾದೆಗಳು, ಒಬ್ಬರದು ಅವರ ಊರಿನ ಸೋಬಾನೆ ಪದ, ಇನ್ನೊಬ್ಬರದು ಇಪ್ಪತ್ತು ವರ್ಷದ ಪ್ರಶ್ನೆಪತ್ರಿಕೆ. ಶನಿವಾರ ಮಧ್ಯಾಹ್ನ ಶಾಲೆ ಲ್ಯಾಬಲ್ಲಿ ಕೂರ್ತಾರಂತೆ, ಅಮ್ಮ ಹೇಳಿಕೊಡ್ತಾರಂತೆ. ಪರಿವರ್ತಕದ ಲಿಂಕ್ ಕಳಿಸು, ಅರ್ಕಾವತ್ತು ಎಲ್ಲೆಲ್ಲಿ ಕೆಡತ್ತೆ ಅಂತ ನಾನೇ ಒಂದು ಪಟ್ಟಿ ಮಾಡಿದೀನಿ ಅಂದ್ರು.

ಎಂಟನೇ ಫೋಟೋ ಆ ಪಟ್ಟಿ, ಅಮ್ಮನ ಕೈಬರಹ. ನಿಮ್ಮ ಮನೇಲಿ, ಗೊತ್ತಿರೋ ಮೇಷ್ಟ್ರ ಹತ್ರ ಹಳೇ ಫೈಲ್ ಇದ್ರೆ ಝೂಮ್ ಮಾಡಿ ಓದ್ಕೊಳ್ಳಿ, ಉಪಯೋಗಕ್ಕೆ ಬರತ್ತೆ. ಮತ್ತೆ, ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯವರೇ, 1975ರ ಆ ಟಿವಿ ತರಬೇತಿಗೆ ಹೋಗಿದ್ದ ಅಜ್ಜನೋ ಅಜ್ಜಿನೋ ನಿಮ್ಮ ಮನೇಲಿದ್ರೆ ನಂಗೊಂದು ಮೆಸೇಜ್ ಹಾಕಿ. ಬಸ್ ಹತ್ತಿ ಬರ್ತೀನಿ.

#ಕನ್ನಡಮೇಷ್ಟ್ರು #ನುಡಿ #ಯೂನಿಕೋಡ್ #ಹಳೇಫೈಲ್